ಕಾವಲನ್ನು ಕಾಯೋರು ಯಾರು?



ವಿಜ್ಞಾನ ಪಾಠದಲ್ಲಿ ‘ರಾಷ್ಟ್ರೀಯ ಉದ್ಯಾನ’, ‘ಅಭಯಾರಣ್ಯ’ ಅಂತ ಎರಡು ಪದ ಬಂದವು. ಮೇಷ್ಟ್ರು ನಮ್ಮ ರಾಜ್ಯದ ರಾಷ್ಟ್ರೀಯ ಉದ್ಯಾನಗಳ ಹೆಸರು ಬರೆಸಿದರು. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಒಟ್ಟು 5. ಆಗ ಹಿಂದಿನ ಸಾಲಿನ ಹುಡುಗನೊಬ್ಬ, “ಸಾರ್, ನಮ್ಮ ಕಡೆ ಕಾಡೇ ಇಲ್ವಲ್ಲ, ನಮಗೆ ಏನೂ ಇಲ್ವಾ?” ಅಂದ. ಎಲ್ಲರೂ ನಕ್ಕೆವು. ಮೇಷ್ಟ್ರು ಮಾತ್ರ ನಗಲಿಲ್ಲ. “ಕಾಡಿಲ್ಲದಿದ್ರೆ ಏನಾಯ್ತು? ಕಾವಲ್ ಇದೆಯಲ್ಲ. ಭಿತ್ತಿಪತ್ರಿಕೆಗೆ ಅದರ ಬಗ್ಗೆ ಯಾರು ಬರೀತೀರಿ?” ಅಂದರು. ನಮ್ಮ ತಾತ ಚಿಕ್ಕಂದಿನಿಂದ ವರವು ಕಾವಲ್ ಕಡೆ ಕುರಿ ಮೇಯಿಸಿದವರು. ಅದಕ್ಕೇ ನಾನು ಕೈ ಎತ್ತಿದೆ. ಮೇಷ್ಟ್ರು ಹೇಳಿದ್ದು, ಪುಸ್ತಕ ಮತ್ತು ಪೇಪರಿನಲ್ಲಿ ಓದಿದ್ದು, ತಾತ ಹೇಳಿದ್ದು ಎಲ್ಲಾ ಸೇರಿಸಿ ಬರೆದಿದ್ದೇನೆ.

1. ಕಾವಲ್ ಅಂದರೆ ಏನು?

‘ಕಾಯು’ ಎಂಬ ಮಾತಿನಿಂದ ‘ಕಾವಲು’ ಬಂದಿದೆ. ಹೊಲ ಕಾಯೋದು, ಮನೆ ಕಾಯೋದು ಅನ್ನುತ್ತೇವಲ್ಲ, ಹಾಗೇ ಹುಲ್ಲನ್ನು ಕಾಯುವ ಜಾಗ ಕಾವಲು. ಯಾರೂ ಉಳಬಾರದು, ಬಿತ್ತಬಾರದು, ದನಕರುಗಳ ಮೇವಿಗೆ ಮಾತ್ರ ಇರಲಿ ಅಂತ ಹಿಂದಿನವರು ಮೀಸಲಿಟ್ಟ ನೆಲ. ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿ ವರವು ಕಾವಲ್, ಕುದಾಪುರ ಕಾವಲ್, ಉಳ್ಳಾರ್ತಿ ಕಾವಲ್ ಇವೆಲ್ಲಾ ಇಂಥವೇ. ಇವನ್ನು ‘ಅಮೃತಮಹಲ್ ಕಾವಲು’ ಅನ್ನುತ್ತಾರೆ.

ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673 ರಿಂದ 1704) ಅರಮನೆಯ ಹಾಲು ಬೆಣ್ಣೆಗಾಗಿ ಹಸುಗಳ ಒಂದು ಇಲಾಖೆ ಮಾಡಿದ್ದರು. ಅದರ ಹೆಸರು ‘ಬೆಣ್ಣೆ ಚಾವಡಿ’. ಆಮೇಲೆ ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಈ ತಳಿಯ ಎತ್ತುಗಳು ಯುದ್ಧದ ಫಿರಂಗಿ ಎಳೆಯುತ್ತಿದ್ದವು. ಉದ್ದ ಕೊಂಬು, ಗಟ್ಟಿ ಕಾಲು, ಬಲು ಚುರುಕು. 1799 ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಈ ದನಗಳು ಬ್ರಿಟಿಷರ ಕೈಗೆ ಹೋದವು. 1882 ರಲ್ಲಿ ಮೈಸೂರು ಸರ್ಕಾರಕ್ಕೆ ವಾಪಸ್ಸು ಬಂದವು. ಇವತ್ತಿಗೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ.

ಹಿಂದೆ ಈ ಕಾವಲುಗಳೆಲ್ಲಾ ಸೇರಿ ಸುಮಾರು 4 ಲಕ್ಷ ಎಕರೆ ಇದ್ದವಂತೆ. ಅವನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ಭಾಗ ಮಾಡಿದ್ದರು. ಯಾಕೆ ಗೊತ್ತಾ? ಒಂದೇ ಜಾಗದಲ್ಲಿ ವರ್ಷವೆಲ್ಲಾ ಮೇಯಿಸಿದರೆ ಹುಲ್ಲಿನ ಬುಡವೇ ಹೋಗುತ್ತದೆ. ದನ ಒಂದು ಕಡೆ ಇದ್ದಾಗ ಇನ್ನೊಂದು ಕಡೆ ಹುಲ್ಲು ಚಿಗುರಲಿ ಅಂತ ಈ ಏರ್ಪಾಡು.

2. ಹುಲ್ಲು ಹೇಗೆ ಬದುಕುತ್ತದೆ?

ತುಂಬಾ ಜನ ಕಾವಲನ್ನು ನೋಡಿ “ಬೀಳು ಭೂಮಿ, ಖಾಲಿ ಬಿದ್ದೈತೆ” ಅನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಹಾಗೇ ಕಾಣುತ್ತದೆ. ಎಲ್ಲಾ ಒಣಗಿ ಬಿಳಿಚಿಕೊಂಡಿರುತ್ತದೆ. ಅದೇ ಒಂದು ಹದ ಮಳೆ ಬಿದ್ದು ವಾರ ಕಳೆಯಲಿ, ಹಸಿರು ಕಂಬಳಿ ಹಾಸಿದಂಗೆ ಆಗುತ್ತದೆ. ಇದು ಹೇಗೆ?

ಗಿಡಮರಗಳು ತುದಿಯಲ್ಲಿ ಬೆಳೆಯುತ್ತವೆ. ಹುಲ್ಲು ಹಾಗಲ್ಲ, ಅದು ಬುಡದಲ್ಲಿ ಬೆಳೆಯುತ್ತದೆ. ಮೇಲಿನ ಎಲೆಯನ್ನು ಕುರಿ ತಿಂದರೂ, ಒಣಗಿದರೂ, ಬುಡ ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಬೇರುಗಳು ಬಲೆ ಹೆಣೆದಂಗೆ ಮಣ್ಣನ್ನು ಹಿಡಿದಿರುತ್ತವೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಮಳೆ ಕಡಿಮೆ ಇರುವ ತಾಲ್ಲೂಕುಗಳು. ಬಂದರೆ ಒಮ್ಮೆಲೇ ಜೋರಾಗಿ ಬರುತ್ತದೆ. ಬರೀ ನೆಲದ ಮೇಲೆ ಬಿದ್ದರೆ ಮಣ್ಣು ಸಮೇತ ಕೊಚ್ಚಿಕೊಂಡು ಹೋಗಿ ಕೆರೆಯಲ್ಲಿ ಹೂಳು ತುಂಬುತ್ತದೆ. ಹುಲ್ಲಿನ ಮೇಲೆ ಬಿದ್ದರೆ ನೀರು ನಿಧಾನವಾಗಿ ಇಂಗುತ್ತದೆ. ಹಾಗಾಗಿ ಕಾವಲಿಗೂ ನಮ್ಮ ಬೋರ್‌ವೆಲ್ಲಿಗೂ ಸಂಬಂಧ ಇದೆ.

ಕಾವಲಿನಲ್ಲಿ ಗರಿಕೆ ಮತ್ತು ಕರಡದ ಹುಲ್ಲು ಇರುತ್ತವೆ. ಪೊರಕೆ ಕಟ್ಟುವ ಹಂಚಿಕಡ್ಡಿಯೂ ಸಿಗುತ್ತದೆ. ಅಲ್ಲಲ್ಲಿ ಜಾಲಿ, ಕಾರೆ, ಬಾರೆ, ತಂಗಡಿ, ಈಚಲು. ಬಾರೆಹಣ್ಣು, ಕಾರೆಹಣ್ಣು ತಿಂದವರು ನಮ್ಮ ಕ್ಲಾಸಿನಲ್ಲಿ ಎಷ್ಟು ಜನ ಇಲ್ಲ!

3. ಕಾವಲಿನ ಜೀವಗಳು

ಕೃಷ್ಣಮೃಗ: ನಾವು ಜಿಂಕೆ ಅಂತೀವಿ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ತಿರುಪಿನಂತೆ ಸುತ್ತಿಕೊಂಡಿರುತ್ತದೆ. ಹೆಣ್ಣು ಕಂದು ಬಣ್ಣ. ಇದಕ್ಕೆ ದಟ್ಟ ಕಾಡು ಬೇಡ. ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ತೋಳವನ್ನು ದೂರದಿಂದಲೇ ಕಂಡು ಓಡಿ ತಪ್ಪಿಸಿಕೊಳ್ಳುವುದೇ ಇದರ ಉಪಾಯ. ಮರಿಯನ್ನು ಹುಲ್ಲಿನ ಮರೆಯಲ್ಲಿ ಅಡಗಿಸುತ್ತದೆ.

ತೋಳ: ಮೊಲ, ಇಲಿ, ಜಿಂಕೆ ತಿನ್ನುತ್ತದೆ. ಸಿಕ್ಕರೆ ಕುರಿಯನ್ನೂ ಎತ್ತುತ್ತದೆ. ತಾತನಿಗೆ ತೋಳದ ಮೇಲೆ ಸಿಟ್ಟು ಇದೆಯಾ ಅಂತ ಕೇಳಿದೆ. “ಸಿಟ್ಟು ಯಾಕವ್ವ? ಅದ್ರ ಹೊಟ್ಟೆಪಾಡು ಅದು ನೋಡ್ಕಂತದೆ. ನಾವು ನಿದ್ದೆ ಮಾಡಿದ್ರೆ ಅದು ಎದ್ದಿರ್ತದೆ, ನಾವು ಎದ್ದಿದ್ರೆ ಅದು ಸುಳಿಯಾದಿಲ್ಲ” ಅಂದರು.

ಎರ್ಲಡ್ಡು: ಇದನ್ನು ಕೆಲವು ಕಡೆ ಎರೆಭೂತ ಎಂದೂ ಕರೆಯುತ್ತಾರೆ. ಎರೆ ಅಂದರೆ ಕಪ್ಪು ಮಣ್ಣಿನ ಭೂಮಿ. ಸುಮಾರು 1 ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಬಹಳ ಭಾರದ್ದು. ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಆ ಒಂದು ಮೊಟ್ಟೆ ನಾಯಿಗೆ ಸಿಕ್ಕರೆ ಆ ಸಲ ಮರಿಯೇ ಇಲ್ಲ. ಪಕ್ಷಿ ವಿಜ್ಞಾನಿ ಸಲೀಂ ಅಲಿ ಅವರು ಇದನ್ನೇ ನಮ್ಮ ರಾಷ್ಟ್ರಪಕ್ಷಿ ಮಾಡಬೇಕು ಎಂದಿದ್ದರು. 1963 ರಲ್ಲಿ ನವಿಲು ಆಯ್ಕೆಯಾಯಿತು. ಈಗ ದೇಶದಲ್ಲೆಲ್ಲಾ ಸೇರಿ ಸುಮಾರು 150 ಎರ್ಲಡ್ಡು ಮಾತ್ರ ಉಳಿದಿವೆ, ಅದೂ ಹೆಚ್ಚಾಗಿ ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಇದರ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಎದುರಿಗಿರುವ ಕರೆಂಟ್ ತಂತಿ ಸರಿಯಾಗಿ ಕಾಣುವುದಿಲ್ಲ. ಭಾರದ ಮೈ ಬೇರೆ, ತಕ್ಷಣ ತಿರುಗಲಾರದು. ತಂತಿಗೆ ಬಡಿದು ಸಾಯುತ್ತವೆ. ನಮ್ಮ ತಾತ ಹುಡುಗನಾಗಿದ್ದಾಗ ಒಂದನ್ನು ನೋಡಿದ್ದರಂತೆ. “ಮನುಷ್ಯ ನಡ್ಕಂಡು ಹೋದಂಗೆ ಹೋಗ್ತಿತ್ತು” ಅಂದರು. ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ.

ಇವಲ್ಲದೆ ನರಿ, ಮೊಲ, ಉಡ, ಗೌಜಲಕ್ಕಿ, ಲಾವುಗೆ, ಟಿಟ್ಟಿಭ, ನೆಲಗುಬ್ಬಿ ಇವೆ. ಇವುಗಳಲ್ಲಿ ಹೆಚ್ಚಿನ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಅವಕ್ಕೆಲ್ಲಾ ಹುಲ್ಲೇ ಮನೆ.

4. ಕುರಿ, ಕಂಬಳಿ, ದೇವರ ಎತ್ತು

ಕಾವಲಿನಿಂದ ಬದುಕುವ ಜೀವಗಳಲ್ಲಿ ನಾವೂ ಸೇರಿದ್ದೇವೆ. ನಮ್ಮ ಮನೆಯಲ್ಲಿ ತಾತ ಕುರಿ ಮೇಯಿಸುತ್ತಾರೆ, ಅಜ್ಜಿ ರಾಟೆಯಲ್ಲಿ ಉಣ್ಣೆ ನೂಲುತ್ತಾರೆ. ಮಗ್ಗದಲ್ಲಿ ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಹಾಕಿ ಒಣಗಿಸಿದರೆ ಕಂಬಳಿ ಗಟ್ಟಿಯಾಗುತ್ತದೆ. ಚಳ್ಳಕೆರೆ ಕಂಬಳಿ ಅಂದರೆ ದೂರದೂರಿನವರಿಗೂ ಗೊತ್ತು. ಕಂಬಳಿಗೆ ಉಣ್ಣೆ ಬೇಕು, ಉಣ್ಣೆಗೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು. ಹುಲ್ಲನ್ನು ದುಡ್ಡು ಕೊಟ್ಟು ತಂದು ಕುರಿ ಸಾಕಿದರೆ ಕಂಬಳಿ ಮಾರಿದ ದುಡ್ಡು ಮೇವಿಗೇ ಸಾಲದು.

ನಮ್ಮ ಕಡೆ ಮ್ಯಾಸನಾಯಕರಲ್ಲಿ ‘ದೇವರ ಎತ್ತು’ಗಳು ಇವೆ. ಅವನ್ನು ಹೊಲ ಉಳಲು ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವನ್ನು ಮೇಯಿಸಿ ಕಾಯುತ್ತಾರೆ. ಬರಗಾಲ ಬಂದಾಗ ಈ ದೇವರ ದನಗಳಿಗೆ ಮೇವು ಹೊಂದಿಸುವುದೇ ದೊಡ್ಡ ಕಷ್ಟ. ಅವಕ್ಕೂ ಬಯಲೇ ಆಸರೆ.

5. ಹತ್ತು ಸಾವಿರ ಎಕರೆ

2007 ರ ನಂತರದ ಕೆಲವೇ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಸರ್ಕಾರ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟಿತು. ವರವು ಕಾವಲಿನಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆಯ ಡಿ.ಆರ್.ಡಿ.ಓ. ಸಂಸ್ಥೆಗೆ. ಕುದಾಪುರದಲ್ಲಿ ಸುಮಾರು 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ. ಉಳ್ಳಾರ್ತಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ಇಸ್ರೋಗೂ ಜಾಗ ಸಿಕ್ಕಿತು. ಒಂದು ಸೋಲಾರ್ ಕಂಪನಿಗೂ ಕೊಟ್ಟರು.

ಇದರಲ್ಲಿ ಹೆಮ್ಮೆಯ ಸಂಗತಿಯೂ ಇದೆ, ಅದನ್ನು ಮುಚ್ಚಿಡಬಾರದು. ಡಿ.ಆರ್.ಡಿ.ಓ. ವಿಮಾನ ಪರೀಕ್ಷಾ ಕೇಂದ್ರ 28 ಮೇ 2017 ರಂದು ಉದ್ಘಾಟನೆ ಆಯಿತು. 2 ಏಪ್ರಿಲ್ 2023 ರಂದು ಇಸ್ರೋದ ರೆಕ್ಕೆ ಇರುವ ವಾಹನವನ್ನು ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ಇಲ್ಲಿನ ರನ್‌ವೇ ಮೇಲೆ ಇಳಿಯಿತು. 2024 ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ ಇಳಿಸಿದರು. ಕುದಾಪುರದ ಕ್ಯಾಂಪಸ್ಸಿನಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿಯನ್ನೂ ಕೊಡುತ್ತಾರೆ.

ಆದರೆ ಗೋಡೆ ಎದ್ದಾಗ ಸುತ್ತಲ ಊರಿನ ಜನ ಕೇಳಿದ ಪ್ರಶ್ನೆಯೂ ನ್ಯಾಯವಾದದ್ದು. “ನಾವು ತಲೆಮಾರಿನಿಂದ ದನ ಮೇಯಿಸಿದ ಜಾಗ, ನಮ್ಮನ್ನು ಒಂದು ಮಾತು ಕೇಳಬೇಡವಾ?” ಅಂತ. 2013 ರಲ್ಲಿ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪೀಠದಲ್ಲಿ ಇದರ ಕೇಸು ನಡೆಯಿತು. ನ್ಯಾಯಮಂಡಳಿ ಇಬ್ಬರ ಸಮಿತಿ ನೇಮಿಸಿ ಸ್ಥಳ ನೋಡಿಸಿತು. 27 ಆಗಸ್ಟ್ 2014 ರಂದು ತೀರ್ಪು ಬಂತು. ಯೋಜನೆಗಳನ್ನು ಪೂರ್ತಿ ನಿಲ್ಲಿಸಲಿಲ್ಲ, ಪರಿಸರದ ಅನುಮತಿ ಮುಂತಾದ ಷರತ್ತು ಹಾಕಿತು.

ಹೋದ ಎಕರೆಯ ಲೆಕ್ಕ ಇಷ್ಟು. ಈಗ ಮುಖ್ಯವಾದ ಪ್ರಶ್ನೆ, ಉಳಿದ ಹುಲ್ಲುಗಾವಲು ಉಳಿಯೋದು ಹೇಗೆ?

6. ಕಾಯ್ದೆಯಲ್ಲಿರುವ ನಾಲ್ಕು ದಾರಿ

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972 ರಲ್ಲಿ. ಅದರ ಪ್ರಕಾರ ರಕ್ಷಿತ ಪ್ರದೇಶಗಳಲ್ಲಿ 4 ಬಗೆ ಇವೆ.

(ಅ) ರಾಷ್ಟ್ರೀಯ ಉದ್ಯಾನ: ಅತಿ ಬಿಗಿ. ದನ ಕುರಿ ಮೇಯಿಸುವಂತೆಯೇ ಇಲ್ಲ.

(ಆ) ಅಭಯಾರಣ್ಯ ಅಥವಾ ವನ್ಯಜೀವಿ ಧಾಮ: ಇದೂ ಬಿಗಿಯೇ. ಮೇಯಿಸಲು ಬಿಡಬಹುದು, ಬಿಡದಿರಬಹುದು, ಅಧಿಕಾರಿಗಳು ತೀರ್ಮಾನಿಸುತ್ತಾರೆ. ನಮ್ಮ ಜಿಲ್ಲೆಯ ಜೋಗಿಮಟ್ಟಿ ಇಂಥದ್ದು. ನಮ್ಮ ಪಕ್ಕದ ಗುಡೇಕೋಟೆಯಲ್ಲಿ ಕರಡಿ ಧಾಮ ಇದೆ.

(ಇ) ಸಂರಕ್ಷಣಾ ಮೀಸಲು: ಇದು 2002 ರ ತಿದ್ದುಪಡಿಯಲ್ಲಿ ಬಂತು. ಸರ್ಕಾರದ ಜಮೀನಿನಲ್ಲಿ ಮಾಡುತ್ತಾರೆ. ಮಾಡುವ ಮೊದಲು ಅಲ್ಲಿನ ಜನರ ಜೊತೆ ಮಾತಾಡಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಇರಬೇಕು.

(ಈ) ಸಮುದಾಯ ಮೀಸಲು: ಊರಿನವರೇ ಅಥವಾ ಜಮೀನಿನವರೇ ಮುಂದೆ ಬಂದು ತಮ್ಮ ಜಾಗದಲ್ಲಿ ಪ್ರಾಣಿ ಪಕ್ಷಿ ಕಾಯುವುದು. ಇದೂ ಅದೇ ತಿದ್ದುಪಡಿಯಲ್ಲಿ ಬಂದದ್ದು.

ಇದನ್ನು ಮನೆಯಲ್ಲಿ ಓದಿ ಹೇಳಿದಾಗ ತಾತ ಮೊದಲು ಕೇಳಿದ್ದು ಇದು: “ಜಿಂಕೆಗೆ ಅಂತ ಬೇಲಿ ಹಾಕಿದ್ರೆ ನಮ್ಮ ಕುರಿ ಎತ್ತ ಹೋಗ್ಬೇಕವ್ವ?” ಈ ಪ್ರಶ್ನೆಗೆ ಉತ್ತರ ಹುಡುಕಲು ಮೂರು ಊರಿನ ಕಥೆ ನೋಡಬೇಕು.

7. ಮೂರು ಊರು, ಮೂರು ಪಾಠ

ರಾಣೆಬೆನ್ನೂರು: ಹಾವೇರಿ ಜಿಲ್ಲೆ. 1974 ರಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಆಯಿತು. ಕೃಷ್ಣಮೃಗ ಮತ್ತು ಎರ್ಲಡ್ಡು ಉಳಿಯಲಿ ಎಂಬ ಉದ್ದೇಶ. ಆದರೆ ಹುಲ್ಲಿನ ಬಯಲಲ್ಲಿ ನೀಲಗಿರಿ ಮರ ನೆಟ್ಟಿದ್ದರು. ಕೃಷ್ಣಮೃಗಗಳು ಹೊಂದಿಕೊಂಡು ಹೆಚ್ಚಿದವು. ಎರ್ಲಡ್ಡು ಮಾತ್ರ ಕಾಣದಾಯಿತು. ಅದಕ್ಕೆ ಬೇಕಾದದ್ದು ಬಯಲು, ಸಿಕ್ಕಿದ್ದು ಮರದ ತೋಪು. ಪಾಠ: ಮರ ನೆಟ್ಟರೆಲ್ಲಾ ಪರಿಸರ ಉಳಿಯುತ್ತದೆ ಅನ್ನುವಂತಿಲ್ಲ. ಹುಲ್ಲುಗಾವಲಿನಲ್ಲಿ ಮರ ತುಂಬಿಸಿದರೆ ಹುಲ್ಲುಗಾವಲು ಸಾಯುತ್ತದೆ. ನಮ್ಮ ಕಡೆ ಬಳ್ಳಾರಿ ಜಾಲಿ ಹಬ್ಬಿದ ಜಾಗದಲ್ಲಿ ಒಂದು ಗರಿಕೆಯೂ ಇಲ್ಲದಿರುವುದನ್ನು ನೀವೇ ನೋಡಿದ್ದೀರಿ.

ರೋಳ್ಳಪಾಡು: ಆಂಧ್ರಪ್ರದೇಶದ ಕರ್ನೂಲು ಸೀಮೆ. 1988 ರಲ್ಲಿ ಎರ್ಲಡ್ಡುವಿಗಾಗಿಯೇ ಸುಮಾರು 6 ಚದರ ಕಿಲೋಮೀಟರಿನ ಧಾಮ ಮಾಡಿದರು. ಮೊದಮೊದಲು ಹಕ್ಕಿಗಳು ಚೆನ್ನಾಗಿದ್ದವು. ಜೊತೆಗೆ ಕೃಷ್ಣಮೃಗಗಳು ನೂರಾರು ಆದವು. ಅವು ಸುತ್ತಲಿನ ರೈತರ ಬೆಳೆ ತಿಂದವು. ರೈತರಿಗೆ ಧಾಮದ ಮೇಲೇ ಬೇಸರ ಬಂತು. ಸುತ್ತಲಿನ ಹೊಲಗಳ ಬೆಳೆಯೂ ಬದಲಾಯಿತು. ಕೊನೆಗೆ ಹಕ್ಕಿಯೂ ಹೋಯಿತು. ಪಾಠ: ಪಕ್ಕದ ಊರಿನವರಿಗೆ ಧಾಮ ಬೇಡವಾದರೆ ಬೇಲಿ ಒಂದೇ ಅದನ್ನು ಉಳಿಸಲಾರದು. ಹಕ್ಕಿಗೆ ಬೇಲಿಯ ಗೆರೆ ಗೊತ್ತಿಲ್ಲ, ಅದು ಹೊಲಕ್ಕೂ ಬರುತ್ತದೆ.

ಮೈದನಹಳ್ಳಿ: ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕು. ಇಲ್ಲಿ 798 ಎಕರೆ ಬಯಲಿನಲ್ಲಿ ಕೃಷ್ಣಮೃಗಗಳಿವೆ. 2007 ರಲ್ಲಿ ಇದನ್ನು ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಎಂದು ಘೋಷಿಸಿದರು. ಅಂದರೆ ಮೂರನೇ ದಾರಿ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲೂ 2011 ರಲ್ಲಿ ಹೀಗೇ ಸಂರಕ್ಷಣಾ ಮೀಸಲು ಆಯಿತು. ಪಾಠ: ಬಂಡೀಪುರದಂಥ ಕಾಡೇ ಇರಬೇಕಾಗಿಲ್ಲ. ಸಣ್ಣ ಬಯಲನ್ನೂ, ಅಮೃತಮಹಲ್ ಕಾವಲನ್ನೂ ಕಾಯ್ದೆಯ ಕೆಳಗೆ ತಂದು ಉಳಿಸಬಹುದು.

ಈ ಮೂರನ್ನೂ ನೋಡಿದ ಮೇಲೆ ನನಗೆ ಅನ್ನಿಸಿದ್ದು: ನಮ್ಮ ಕಡೆ ಉಳಿದ ಕಾವಲುಗಳಿಗೆ ಸಂರಕ್ಷಣಾ ಮೀಸಲು ಎಂಬ ದಾರಿಯೇ ಹೊಂದುತ್ತದೆ. ಯಾಕೆಂದರೆ ಅದರಲ್ಲಿ ಪಂಚಾಯಿತಿಯವರು ಕೂರುತ್ತಾರೆ. ಯಾವ ತಿಂಗಳು ಯಾವ ಭಾಗದಲ್ಲಿ ಮೇಯಿಸಬೇಕು, ಹಕ್ಕಿ ಮೊಟ್ಟೆ ಇಡುವ ಕಾಲಕ್ಕೆ ಯಾವ ಭಾಗ ಬಿಡಬೇಕು ಅಂತ ಕೂತು ಮಾತಾಡಬಹುದು. ಬೇಸಿಗೆ ಕಾವಲು, ಮಳೆಗಾಲದ ಕಾವಲು ಅಂತ ಮಾಡಿದ್ದ ಹಿಂದಿನವರೂ ಇದನ್ನೇ ಮಾಡಿದ್ದರಲ್ಲ!

ತಾತನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳ್ಬೇಕು ಅಂತ ಕಾಯ್ದೇಲಿ ಐತೆ ಅಂತೀಯ. ಒಳ್ಳೇದು. ಕೇಳಾಕೆ ಬಂದಾಗ ಹೇಳಾಕೆ ನಮ್ಮೋರಿಗೂ ಗೊತ್ತಿರ್ಬೇಕಲ್ಲ” ಅಂದರು. ನನಗೆ ಅದು ನಿಜ ಅನ್ನಿಸಿತು. ಯಾವ ಹಕ್ಕಿ ಎಲ್ಲಿದೆ, ಯಾವ ಹುಲ್ಲು ಎಲ್ಲಿದೆ ಎಂಬುದು ನಮ್ಮ ತಾತಂದಿರ ತಲೆಯಲ್ಲಿ ಮಾತ್ರ ಇದೆ. ಬರೆದಿಟ್ಟಿಲ್ಲದಿದ್ದರೆ ಆಫೀಸಿನವರಿಗೆ ಅದು ‘ಖಾಲಿ ಜಮೀನು’.

8. ನಾವು ಮಾಡಬಹುದಾದದ್ದು

• 2002 ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು. ಅದು ‘ಜನತಾ ಜೀವವೈವಿಧ್ಯ ದಾಖಲಾತಿ’ ಎಂಬ ಪುಸ್ತಕ ಇಡಬೇಕು. ಊರಿನ ಗಿಡ, ಹುಲ್ಲು, ಪ್ರಾಣಿ, ಪಕ್ಷಿ, ನಾಟಿ ತಳಿ ಎಲ್ಲಾ ಅದರಲ್ಲಿ ಬರೆಯಬೇಕು. ನಮ್ಮ ತರಗತಿಯವರು ಕುರಿ ಕಾಯುವ ಹಿರಿಯರನ್ನು ಕೇಳಿ ಒಂದು ಪಟ್ಟಿ ಮಾಡಿದರೆ ಮೇಷ್ಟ್ರ ಮೂಲಕ ಪಂಚಾಯಿತಿಗೆ ಕೊಡಬಹುದು. ಹೆಸರು ನಮ್ಮೂರ ಹೆಸರೇ ಇರಲಿ, ಪುಸ್ತಕದ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

• ಜೂನ್ 5 ರಂದು ಪರಿಸರ ದಿನ ಸಸಿ ನೆಡುತ್ತೇವೆ. ಶಾಲೆ ಅಂಗಳ, ರಸ್ತೆ ಬದಿ, ಮನೆ ಹಿತ್ತಲಲ್ಲಿ ನೆಡೋಣ. ಹುಲ್ಲಿನ ಬಯಲಲ್ಲಿ ಬೇಡ. ಅಲ್ಲಿ ಬಳ್ಳಾರಿ ಜಾಲಿ ಸಸಿ ಕಂಡರೆ ದೊಡ್ಡವರ ಜೊತೆ ಹೋಗಿ ಕೀಳೋಣ.

• ನೆಲದ ಮೇಲೆ ಮೊಟ್ಟೆ ಕಂಡರೆ ಮುಟ್ಟದೆ ದೂರದಿಂದ ನೋಡಿ ಬರೋಣ. ಹುಡುಗರು ಮೊಲಕ್ಕೆ ಉರುಳು ಹಾಕೋದು, ನಾಯಿ ಬಿಟ್ಟು ಅಟ್ಟಿಸೋದು ಬಿಡಬೇಕು. ಜಿಂಕೆ ಬೇಟೆಗೆ ಜೈಲು ಶಿಕ್ಷೆ ಇದೆ.

• ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಕೊಡಬಾರದು. ಬೀಡಿ ತುಂಡು ಎಸೆಯುವ ದೊಡ್ಡವರಿಗೂ ಹೇಳೋಣ, ಬೈಸಿಕೊಂಡರೂ ಸರಿ.

ನಮ್ಮ ಕ್ಲಾಸಿನ ಪಟ್ಟಿಯ ಮೊದಲ ಹಾಳೆಯನ್ನು ಈ ಬರಹದ ಕೆಳಗೇ ಅಂಟಿಸಿದ್ದೇವೆ. ಈಗ ಅದರಲ್ಲಿ ತಾತ ಹೇಳಿದ 23 ಹೆಸರು ಇವೆ. ನಿಮ್ಮ ಮನೆಯವರನ್ನು ಕೇಳಿ ಬಂದು, ಖಾಲಿ ಸಾಲಿನಲ್ಲಿ ದುಂಡಗೆ ಬರೆಯಿರಿ. ಪೆನ್ಸಿಲ್ ದಾರಕ್ಕೆ ಕಟ್ಟಿದೆ, ದಯವಿಟ್ಟು ಯಾರೂ ತಗೊಂಡು ಹೋಗಬೇಡಿ.

– 7ನೇ ತರಗತಿ ವಿದ್ಯಾರ್ಥಿನಿ